ಹಾಲು ಮೊಸರಾಗುವ ಗಳಿಗೆ

ಝೆನ್ ಗುರುಗಳು ಧ್ಯಾನಕ್ಕೆಂದು ಶಿಷ್ಯರಿಗೆಲ್ಲ ಒಂದೊಂದು ಒಗಟು ಕೊಟ್ಟಿದ್ದರು. ಸರ್ವಮಂಗಳಮ್ಮನಿಗೆ ಮಾತ್ರ ವರ್ಷವಾದರೂ ಕೊಟ್ಟಿರಲಿಲ್ಲ. ತಾನು ದಡ್ಡಿಯೆಂದೇ ಗುರುಗಳು ಕೈಬಿಟ್ಟಿದ್ದಾರೆಂದು ಆಕೆ ಒಳಗೊಳಗೇ ಕೊರಗುತ್ತಿದ್ದರು.

ಒಂದು ಸಂಜೆ ಆಶ್ರಮದ ಬಾಗಿಲಲ್ಲಿ ಗುರುಗಳೇ ಆಕೆಯನ್ನು ನಿಲ್ಲಿಸಿ ಕೇಳಿದರು: “ಸರ್ವಮಂಗಳಮ್ಮ, ಹಾಲು ಮೊಸರಾಗೋದು ಹೇಗೆ?”

ಕೊನೆಗೂ ಒಗಟು ಸಿಕ್ಕಿತ್ತು! ಆಕೆ ಅಡ್ಡಬಿದ್ದವರೇ, ಗುರುಗಳು ಮತ್ತೆ ಬಾಯಿ ತೆರೆಯುವ ಮೊದಲೇ ಮನೆಗೆ ಓಡಿದರು.

ಹೆಪ್ಪು ಹಾಕಿ ಪಾತ್ರೆಯ ಮುಂದೆಯೇ ಧ್ಯಾನಕ್ಕೆ ಕುಳಿತರು. ಮುಚ್ಚಳ ತೆಗೆದರೆ ಹಾಲು. ಮತ್ತೆ ತೆಗೆದರೂ ಹಾಲು.

“ಏನತ್ತಿಗೆ, ಹಾಲಿಗೂ ಕಾವಲಾ?” ಎಂದು ನಾದಿನಿ ಬಂದು ಪಕ್ಕದಲ್ಲಿ ಕುಳಿತಳು. ಹರಟೆಯಲ್ಲಿ ಇಬ್ಬರೂ ಪಾತ್ರೆಯನ್ನೇ ಮರೆತರು. ಬೆಳಿಗ್ಗೆ ಎದ್ದು ನೋಡಿದರೆ ಗಟ್ಟಿ ಮೊಸರು! ಸರ್ವಮಂಗಳಮ್ಮನಿಗೆ ನಗು ಉಕ್ಕಿ ಬಂತು. ಕಾಯುತ್ತಿದ್ದಾಗ ಆಗದ್ದು, ಕಾಯುವವಳು ಮರೆತಾಗ ಆಗಿತ್ತು. ವರ್ಷದ ಕೊರಗೆಲ್ಲ ಇಳಿದುಹೋಗಿ, ಚಪ್ಪಲಿ ಮೆಟ್ಟುವುದನ್ನೂ ಮರೆತು ಆಶ್ರಮಕ್ಕೆ ಓಡಿದರು.

“ಗುರುಗಳೇ, ‘ನಾನು’ ಅನ್ನೋದು ಇಲ್ದೇ ಇದ್ದಾಗ! ಆಗ ತಾನಾಗೇ ಆಗತ್ತೆ!”

ಗುರುಗಳು ಆಕೆಯ ಮುಖವನ್ನೇ ನೋಡಿದರು. ಎದ್ದು ನಿಂತು ಕೈಮುಗಿದರು. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು.

ನಗು ತಗ್ಗಿದ ಮೇಲೆ ಗುರುಗಳು ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದರು: “ಅದೆಲ್ಲ ಸರಿ ತಾಯಿ, ಹೆಪ್ಪಿಗೆ ಮಜ್ಜಿಗೆ ಎಷ್ಟು ಹಾಕ್ಬೇಕು? ಚಳಿ ಶುರುವಾದಾಗಿಂದ ನಮ್ಮ ಅಡುಗೆಮನೇಲಿ ಮೊಸರೇ ಆಗ್ತಿಲ್ಲ.”