ಐದನೇ ಪಾಯಿಂಟು

ಸಿಟ್ಟಿನವರಿಗೆಲ್ಲ ಕಿವಿಯ ಹಿಂದೆ ಸಿಟ್ಟು ಏರಿಸಿ ಇಳಿಸುವ ರೆಗ್ಯುಲೇಟರ್ ಕೂರಿಸುವ ಕಾಲ ಬಂದಾಗ, ತನ್ನ ಮಿದುಳಿಗೆ ಅದರ ಅಗತ್ಯವೇ ಇಲ್ಲವೆಂದು ಗುರುಶಾಂತಪ್ಪ ಸರ್ಟಿಫಿಕೇಟ್ ತಂದುಕೊಂಡ. ‘ಹುಟ್ಟಾ ಶಾಂತ ಸ್ವಭಾವ’ ಎಂದಿದ್ದ ಅದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ. ಮೂಗಿನ ತುದಿಯಲ್ಲೇ ಸಿಟ್ಟಿದ್ದ ಹೆಂಡತಿ ಸರ್ವಮಂಗಳಾಗೆ ಮಾತ್ರ ಮೊದಲ ದಿನವೇ ಕೂರಿಸಿ, ಫ್ಯಾನಿನದರಂತೆ ಐದು ಪಾಯಿಂಟಿದ್ದ ಅದನ್ನು ಒಂದಕ್ಕಿಳಿಸಿದ.

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಕೊಟ್ರೇಶಿ ಕಾಂಪೌಂಡಿನ ಮೇಲಿಂದ ಪೈಪು ಇಳಿಬಿಟ್ಟು, ಮೋಟರ್ ಹಾಕಿ, ಇವರ ಸಂಪಿನಿಂದಲೇ ನೀರೆಳೆಯುತ್ತಿದ್ದ. ವಾರಕ್ಕೊಮ್ಮೆ ಬರುವ ನೀರು! ಗುರುಶಾಂತಪ್ಪ ಗೋಡೆಯ ತನಕ ದಾಪುಗಾಲು ಹಾಕಿ ಹೋಗಿ, “ತಿಂಡಿ ಆಯ್ತಾ?” ಎಂದು ಕೇಳಿ ವಾಪಸು ಬಂದ.

“ಮಂಗಳಾ, ನೀರೆಲ್ಲ ಹೋಗ್ತಾ ಐತೆ. ಹೋಗಿ ನಾಲ್ಕು ಮಾತು ಅಂದು ಬಾರೇ.”

“ಪಾಪ, ಅವರ ಮನೇಲೂ ಸ್ನಾನ ಆಗಬೇಕಲ್ರೀ,” ಎಂದಳು ಆಕೆ, ಮೆಂತ್ಯೆ ಸೊಪ್ಪು ಬಿಡಿಸುತ್ತಾ.

ಹಾಲಿನವನು, ಮನೆ ಕಟ್ಟಿದ ಕಂಟ್ರಾಕ್ಟರು, ಪಾಲು ನುಂಗಲು ಬಂದ ಇವನ ಅಣ್ಣಂದಿರು, ಎಲ್ಲರ ಹತ್ತಿರವೂ ಇಷ್ಟು ವರ್ಷ ಜಗಳ ಆಡಿದ್ದು ಆಕೆ. ಶಾಂತಮೂರ್ತಿ ಅಂತ ಹೆಸರು ತಗೊಂಡಿದ್ದು ಈತ.

ಅತ್ತ ಸಂಪಿನ ತಳದಲ್ಲಿ ಪೈಪು ಗೊರಗೊರ ಎನ್ನತೊಡಗಿತು. ಗುರುಶಾಂತಪ್ಪನಿಗೆ ಹುಟ್ಟಿದಾಗಿನಿಂದ ಮೊದಲ ಸಲ ಪಿತ್ತ ನೆತ್ತಿಗೇರಿತು. ಆಕೆಯ ಕಿವಿಯ ಹಿಂದಿನ ಗುಂಡಿಯನ್ನು ಐದಕ್ಕೆ ತಿರುಗಿಸಿದ.

ಆಕೆ ಸೊಪ್ಪು ಬಿಡಿಸುತ್ತಲೇ ಇದ್ದಳು.

“ಅದು ಕೆಟ್ಟು ಆರು ತಿಂಗಳಾಯ್ತು,” ಎಂದಳು. “ಸುಮ್ಮನಿರೋದು ಇಷ್ಟು ಸುಖ ಅಂತ ನೀವು ಒಂದಿನಾನೂ ಹೇಳಲಿಲ್ಲ ನೋಡ್ರೀ.”