ವಾಸನೆ ಇಲ್ಲದ ಜೆಲ್

"ಮೂಗಿಗೆ ಹಿಡದ ನೋಡ್ರಿ, ವಾಸನಿನ ಇಲ್ಲ!" ಎಂದು ಬೆಳಗಾವಿಯಿಂದ ಬಂದ ಏಜೆಂಟ್ ಜೆಲ್ಲಿನ ಡಬ್ಬಿಯನ್ನು ಸೋಮಪ್ಪನ ಮುಂದೆ ಚಾಚಿದ. ಮೂಡಲಗಿಯ ಆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಸೋಮಪ್ಪ ಹರೆಯದಿಂದಲೂ ಥಿನ್ನರ್ ಅದ್ದಿದ ಬಟ್ಟೆಯಲ್ಲೇ ಯಂತ್ರದ ಮಸಿ ಒರೆಸುತ್ತ ಬಂದವನು. ಈಗ ರೋಲರಿಗೆ ಬಳಿದ ಜೆಲ್ ಅವನ ಕಣ್ಣೆದುರೇ ಮಸಿಯನ್ನೆಲ್ಲ ಹೀರಿಕೊಂಡು, ಎಳೆದರೆ ಹಾಳೆಯಂತೆ ಎದ್ದು ಬಂದಿತ್ತು.

ಮಾಲೀಕ ಸಮ್ಮೇದ ಅದನ್ನು ಮೂಸಿದ. ಆಮೇಲೆ ಥಿನ್ನರ್ ಡಬ್ಬಿಯನ್ನು ಮೂಸಿ ಮುಖ ಕಿವುಚಿದ. "ಅಬಾಬಾ, ಏನ್ ಘಾಟ ಇದು! ಸೋಮಪ್ಪಾ, ನೀನ ಹೇಳು, ಎಷ್ಟ ಫರಕ್ ಐತಿ?"

ಸೋಮಪ್ಪ ಜೆಲ್ ಮೂಸಿದ, ಥಿನ್ನರ್ ಮೂಸಿದ. ಮತ್ತೊಮ್ಮೆ ಥಿನ್ನರ್ ಡಬ್ಬಿಗೇ ಮೂಗಿಟ್ಟು ಎದೆ ತುಂಬ ಉಸಿರೆಳೆದ. ಕಣ್ಣು ಉರಿದವು, ವಾಸನೆ ಮಾತ್ರ ಬರಲಿಲ್ಲ. ಹೋದ ವಾರ ಬಾಣಂತಿ ಮಗಳು ಕೂಸನ್ನು ಅವನ ತೊಡೆಯ ಮೇಲಿಟ್ಟಾಗ ಅದರ ನೆತ್ತಿಗೆ ಮೂಗು ತಾಗಿಸಿದ್ದ. ಎಣ್ಣೆಯದಾಗಲಿ ಲೋಬಾನದ ಹೊಗೆಯದಾಗಲಿ ಪರಿಮಳವೇ ಬಾರದಿದ್ದಾಗ, ನೆಗಡಿ ಇರಬೇಕು ಎಂದುಕೊಂಡು ಸುಮ್ಮನಾಗಿದ್ದ.

"ನಾಳಿಂದ ಥಿನ್ನರ್ ಬಂದ್. ಇನ್ನ ನಿನಗ ತ್ರಾಸಿಲ್ಲ ನೋಡಪಾ," ಎಂದ ಸಮ್ಮೇದ.

"ಭಾಳ ಛಲೋ ಆತ್ರಿ ಸಾವಕಾರ್ರ," ಎಂದ ಸೋಮಪ್ಪ. ಥಿನ್ನರ್ ಡಬ್ಬಿ ಇನ್ನೂ ಅವನ ಮೂಗಿನ ಬಳಿಯೇ ಇತ್ತು.