ಗುರವ್ವನ ಪಪ್ಪಾಯಿ ಪಲ್ಯ

ಮುಂಜಾನೆ ಕೊಯ್ದ ಆಡಿನ ಒಂದು ತುಂಡನ್ನು ಬೇಯಿಸಿ ನೋಡಿದ ಬಿಬಿಜಾನ ಅದನ್ನು ಎಡದವಡೆಗೊಮ್ಮೆ ಬಲದವಡೆಗೊಮ್ಮೆ ಹಾಕಿ ಅಗಿದಳು. ತುಂಡು ಜಗ್ಗಲಿಲ್ಲ. ಕೊನೆಗೆ ಅಂಗೈಗೆ ಉಗುಳಿ ಗಂಡನ ಮೂಗಿನ ಮುಂದೆ ಹಿಡಿದಳು.

“ಇದು ಆಡೇನ್ರಿ? ನಿಮ್ಮಜ್ಜನ ಸಂಗಾಟ ಸಾಲಿಗೆ ಹೋಗಿರಬೇಕಿದು!”

“ಬಾಗೇವಾಡಿ ಸಂತ್ಯಾಗ ಮಾರಾಂವ ಎಳೀದು ಅಂದಾ,” ಎಂದ ಅಬ್ದುಲರಜಾಕ, ಗಡ್ಡ ಕೆರೆಯುತ್ತ.

“ಅದರ ಗಡ್ಡ ನಿಮ್ಮ ಗಡ್ಡಕ್ಕಿಂತ ಉದ್ದಿತ್ತು. ಅದನ್ನರ ನೋಡಬಾರದಿತ್ತ?”

ಸಂಜೆಯ ಬಸ್ಸಿಗೆ ನಾಲತವಾಡದಿಂದ ಅವಳ ಅಣ್ಣ ಜೈನುದ್ದೀನ ಬರುವವನಿದ್ದ. ವಿಜಾಪುರ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯ ಸೇರಿ ವರ್ಷವಾಗಿತ್ತು. ಈ ಅಣ್ಣ ಮಾತ್ರ ಇಂಗಳೇಶ್ವರದ ತಂಗಿಯ ಮನೆ ಸೇರಿರಲಿಲ್ಲ. ಒಂದು ಕಾಲಕ್ಕೆ ಎಲುಬು ಕಡಿದು ತಿನ್ನುತ್ತಿದ್ದ ಮನುಷ್ಯ. ಹಲ್ಲೆಲ್ಲ ಬಿದ್ದ ಮೇಲೆ ಒಂದು ಹಬ್ಬದೂಟದಲ್ಲಿ, ಅಗಿಯಲಾಗದ ತುಂಡನ್ನು ಬಾಯಿಂದ ತೆಗೆದು ತಾಟಿನ ಅಂಚಿಗಿಟ್ಟಾಗ ಯಾರೋ ಕಿಸಕ್ಕೆಂದರು. ಅವತ್ತಿನಿಂದ ಯಾರ ಮನೆಯಲ್ಲೂ ಊಟಕ್ಕೆ ಕೂತವನಲ್ಲ. “ಬರ್ತೇನಿ, ಆದ್ರ ಚಾ ಕುಡದ ಹೊಂಡಾಂವ” ಎಂದು ಹೇಳಿ ಕಳಿಸಿದ್ದ. ಈ ಸಲ ಅವನು ಹಸಿದು ಹೋದರೆ ಮತ್ತೆ ಈ ಹೊಸ್ತಿಲು ತುಳಿಯಲಾರ ಎಂದು ಬಿಬಿಜಾನಳಿಗೆ ಗೊತ್ತಿತ್ತು. ನೆನೆದರೆ ಅಳು ಬರುತ್ತಿತ್ತು.

ಮುದಿ ಖಂಡಕ್ಕೆ ಮದ್ದು ಒಂದೇ, ಹಸಿ ಪಪ್ಪಾಯಿ. ಅರೆದು ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಎಂಥ ಗಟ್ಟಿ ಖಂಡವೂ ಬೆಣ್ಣೆ. ಆದರೆ ಓಣಿಗೆಲ್ಲ ಇದ್ದದ್ದು ಒಂದೇ ಪಪ್ಪಾಯಿ ಗಿಡ, ಗೋಡೆಯಾಚೆಯ ಶ್ರೀಶೈಲಪ್ಪನ ಹಿತ್ತಲಲ್ಲಿ. ಶ್ರೀಶೈಲಪ್ಪನೋ ಲಿಂಗಪೂಜೆಯಾಗದೆ ಒಂದು ಗುಟುಕು ನೀರನ್ನೂ ಕುಡಿಯದವನು. ಅವನ ಗಿಡದ ಕಾಯಿಯನ್ನು ಖಂಡಕ್ಕೆ ಕೊಡಿ ಎಂದು ಯಾವ ಬಾಯಿಂದ ಕೇಳುವುದು? ಬಿಬಿಜಾನ ಗೋಡೆಯ ಮೇಲಿಂದ ಇಣುಕಿ ಅವನ ಹೆಂಡತಿಯನ್ನು ಕೂಗಿದಳು.

“ಗುರವ್ವಕ್ಕಾ, ಒಂದ ಪಪ್ಪಾಯಿ ಕಾಯಿ ಇದ್ರ ಕೊಡ್ರಿ. ನಮ್ಮ ಭಾಯಿ ಬರಾಕತ್ತಾನ, ಪಲ್ಯ ಮಾಡಬೇಕು.”

“ಒಂದ ಐತಿ ನೋಡ್ರಿ, ಮಿಕ್ಕಾವೆಲ್ಲಾ ಹಣ್ಣಾಗ್ಯಾವ.” ಗುರವ್ವನ ಮುಖ ಅರಳಿತು. “ಆದ್ರ ಮನಿಗೆ ಮಂದಿ ಬರೂ ದಿನಾ ನಿಮಗ್ಯಾಕ ತ್ರಾಸು? ನಾನ ಪಲ್ಯ ಮಾಡಿ ಕೊಡ್ತೇನಿ.”

“ಬ್ಯಾಡ್ರಿ ಅಕ್ಕಾ, ನಾನ...”

“ಸುಮ್ನಿರ್ರಿ! ನಿಮ್ಮಣ್ಣ ನಮಗ ಅಣ್ಣ ಅಲ್ಲೇನು?”

ಗುರವ್ವನ ಪ್ರೀತಿಗೆ ಅಡ್ಡ ನಿಂತು ಗೆದ್ದವರು ಆ ಓಣಿಯಲ್ಲಿ ಯಾರೂ ಇಲ್ಲ. ತಾಸಿನೊಳಗೆ ಗೋಡೆಯ ಮೇಲಿಂದ ಬೋಗುಣಿ ಬಂತು. ಕಡಲೆಬೇಳೆ ಹಾಕಿ, ಒಗ್ಗರಣೆ ಕೊಟ್ಟು, ಗುರೆಳ್ಳಿನ ಪುಡಿ ಉದುರಿಸಿದ ಪಲ್ಯ. ಘಮ್ಮೆನ್ನುತ್ತಿತ್ತು. ಆದರೇನು, ಬೆಂದ ಪಪ್ಪಾಯಿಯನ್ನು ಖಂಡಕ್ಕೆ ಹಚ್ಚಿದರೆಷ್ಟು ಬಿಟ್ಟರೆಷ್ಟು! ಅದರ ಕಸುವೆಲ್ಲ ಕಾಯಿಯ ಹಸಿ ಹಾಲಿನಲ್ಲಿ, ಒಲೆಯ ಮೇಲೇರಿದರೆ ಮುಗಿಯಿತು. ಬಿಬಿಜಾನ ಬೋಗುಣಿ ಹಿಡಿದು ಕಂಬದ ಹಾಗೆ ನಿಂತಳು. ಆಗ ತಟ್ಟನೆ ನೆನಪಾಯಿತು, ಹಾಲು ಹೆಚ್ಚಿರುವುದು ಸಿಪ್ಪೆಯಲ್ಲೇ ಅಲ್ಲವೇ?

“ಅಕ್ಕಾ, ಸಿಪ್ಪಿ ಎಲ್ಲಿ ಚೆಲ್ಲೀರಿ?”

“ಇನ್ನೂ ಚೆಲ್ಲಿಲ್ಲ, ಬುಟ್ಟ್ಯಾಗ ಅದಾವು. ಯಾಕ್ರಿ?”

“ಅದು... ನಮ್ಮ ಆಡಿಗೆ.”

“ಅಯ್ಯ ಪಾಪ! ಮುಂಜಾನೆ ಒಂದ ಸವನ ಒದರಾಕತ್ತಿತ್ತು, ಈಗ ಸಪ್ಪಳನ ಇಲ್ಲ. ಹಸದ ಮಲಗೇತೇನೋ.”

ಪಡಸಾಲೆಯಲ್ಲಿ ವಿಭೂತಿ ಹಚ್ಚಿಕೊಂಡು ಕೂತಿದ್ದ ಶ್ರೀಶೈಲಪ್ಪನಿಗೆ ಆಡಿನ ದನಿ ಯಾವಾಗ ನಿಂತಿತು, ಯಾಕೆ ನಿಂತಿತು ಎಂಬುದು ಚೆನ್ನಾಗಿ ಗೊತ್ತಿತ್ತು. ಅವನು ಹೆಂಡತಿಯನ್ನು ನೋಡಿದ. ಗೋಡೆಯ ಮೇಲೆ ಕೆಂಪಾಗಿದ್ದ ಬಿಬಿಜಾನಳ ಮುಖ ನೋಡಿದ. ಎದ್ದು ಬಂದು ಗಂಟಲು ಸರಿಮಾಡಿಕೊಂಡ.

“ಕೊಟ್ಟ ಬಿಡು,” ಎಂದ ಹೆಂಡತಿಗೆ. ಆಮೇಲೆ ಗೋಡೆಯ ಕಡೆ ತಿರುಗಿ, “ಸಣ್ಣಗ ಅರದ ಹಾಕ್ರಿ ತಂಗಿ. ಭಾಳ ಮುದಿ ಆಡದು,” ಎಂದು ಮೀಸೆಯೊಳಗೇ ನಕ್ಕ.

ಸಂಜೆ ಜೈನುದ್ದೀನ ಬಂದ, ಚಾ ಕುಡಿದ, ಚಪ್ಪಲಿ ಹುಡುಕಿದ. ಚಪ್ಪಲಿಯನ್ನು ತಂಗಿ ಮೊದಲೇ ಕಾಳಿನ ವಾಡೆಯ ಹಿಂದೆ ಅಡಗಿಸಿದ್ದಳು. “ಒಂದ ತುಂಡು, ನನ್ನ ಆಣಿ” ಎಂದಳು. ಅವನು ಎಲ್ಲರ ಮುಖ ನೋಡಿ, ತುಂಡನ್ನು ಬಾಯಿಗಿಟ್ಟು, ಯಾರಿಗೂ ಕಾಣದಂತೆ ಕೈ ಅಡ್ಡ ಹಿಡಿದ. ಕೈ ಒಂದು ಗಳಿಗೆ ಹಾಗೇ ಇತ್ತು. ಆಮೇಲೆ ಕೆಳಗಿಳಿದು ನೇರ ತಾಟಿಗೇ ಹೋಯಿತು. ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿದ, ಖಂಡ ಮತ್ತೆ ಹಾಕಿಸಿಕೊಂಡ, ಗುರವ್ವನ ಪಲ್ಯವನ್ನೂ ಬಳಿದು ತಿಂದ. “ಬಕ್ರೀದಕ್ಕ ಮನಿ ಮಂದೀನೆಲ್ಲಾ ಕರಕೊಂಡ ಬರ್ತೇನಿ ತಗೋ” ಎಂದು ಡರ್ರನೆ ತೇಗಿದ. ಬಿಬಿಜಾನ ಒಲೆಯ ಕಡೆ ಮುಖ ತಿರುಗಿಸಿ ಸಂತೋಷಕ್ಕೆ ಅತ್ತಳು.

ಮರುದಿನ, ಬರಿದು ಬೋಗುಣಿ ಮರಳಿಸಬಾರದೆಂದು ಸಕ್ಕರೆ ತುಂಬಿಕೊಂಡು ಅವಳು ಗೋಡೆಯ ಬಳಿ ಹೋದರೆ ಆಚೆ ಶ್ರೀಶೈಲಪ್ಪ ನಿಂತಿದ್ದ. ಕೈಯಲ್ಲಿ ಗೇಣುದ್ದದ ಪಪ್ಪಾಯಿ ಸಸಿ.

“ನಿಮ್ಮ ಹಿತ್ತಲದಾಗ ಹಚ್ಚ್ರಿ. ನಿಮ್ಮ ಗಿಡ, ನಿಮ್ಮ ಕಾಯಿ. ನೀವು ಕೇಳೂದು ಬ್ಯಾಡ, ನಾ ಯಾಕ ಅನ್ನೂದೂ ಬ್ಯಾಡ.”

ಸಸಿ ಕೊಟ್ಟು ಹೊರಟವನು ಮತ್ತೆ ತಿರುಗಿದ.

“ಅದು ಕಾಯಿ ಬಿಡೂತನಕಾ ಪಲ್ಯ ನಮ್ಮಾಕಿ ಮಾಡ್ತಾಳ. ಸಿಪ್ಪಿ ಮಾತ್ರ ಚೆಲ್ಲಬ್ಯಾಡಂತ ಹೇಳೇನಿ.”